ಮುಟ್ಟಿನ ನೋವಿಗೆ ಯಾವ ಮಾತ್ರೆ? ಗರ್ಭಕೋಶದ ಸ್ನಾಯುವಿನ ಕಡೆಯಿಂದ ಒಂದು ಹೋಲಿಕೆ

ಮೆಡಿಕಲ್ ಶಾಪಿನಲ್ಲಿ ‘ಹೊಟ್ಟೆನೋವಿಗೆ ಒಂದು ಮಾತ್ರೆ ಕೊಡಿ’ ಎಂದು ಹುಡುಗಿಯೊಬ್ಬಳು ದನಿ ತಗ್ಗಿಸಿ ಕೇಳಿದರೆ ಯಾವ ಹೊಟ್ಟೆನೋವು ಎಂದು ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಮೆಫ್ಟಾಲ್ ಸ್ಪಾಸ್ ಇದ್ದರೆ ಅದು, ಇಲ್ಲದಿದ್ದರೆ ಡ್ರೋಟಿನ್-ಎಂ, ಅದೂ ಇಲ್ಲದಿದ್ದರೆ ಸೈಕ್ಲೋಪಾಮ್ ಅಥವಾ ಬಸ್ಕೊಗ್ಯಾಸ್ಟ್. ಎಲ್ಲವೂ ‘ಸೆಳೆತ ಬಿಡಿಸುವ ಮಾತ್ರೆ’ ಎಂಬ ಒಂದೇ ಹೆಸರಿನಡಿ ಕೈ ಬದಲಾಗುತ್ತವೆ. ಆದರೆ ಒಳಗಿರುವ ಮದ್ದು ಬೇರೆ ಬೇರೆ, ಗರ್ಭಕೋಶದ ಮೇಲೆ ಅವು ಮಾಡುವ ಕೆಲಸವೂ ಬೇರೆ ಬೇರೆ. ಕೆಲವಂತೂ ಗರ್ಭಕೋಶದ ತಂಟೆಗೇ ಹೆಚ್ಚು ಹೋಗುವುದಿಲ್ಲ.

ಸ್ಟ್ರಿಪ್ಪನ್ನು ತಿರುವಿ ಹಿಂಬದಿಯ ಸಣ್ಣಕ್ಷರ ಓದಿ. ಮೆಫ್ಟಾಲ್ ಸ್ಪಾಸ್‌ನಲ್ಲಿ ಎರಡು ಹೆಸರು: ಮೆಫೆನಾಮಿಕ್ ಆಸಿಡ್ 250 ಮಿ.ಗ್ರಾಂ, ಡೈಸೈಕ್ಲೊಮೈನ್ 10 ಮಿ.ಗ್ರಾಂ. ಡ್ರೋಟಿನ್-ಎಂನಲ್ಲೂ ಮೆಫೆನಾಮಿಕ್ ಆಸಿಡ್ ಅಷ್ಟೇ 250, ಜೊತೆಗೆ ಡ್ರೋಟಾವೆರಿನ್ 80. ಸೈಕ್ಲೋಪಾಮ್‌ನಲ್ಲಿ ಡೈಸೈಕ್ಲೊಮೈನ್ 20, ಜೊತೆಗೆ ಪ್ಯಾರಾಸಿಟಮಾಲ್. ಬಸ್ಕೊಗ್ಯಾಸ್ಟ್‌ನಲ್ಲಿ ಹಯೋಸಿನ್ ಬ್ಯುಟೈಲ್‌ಬ್ರೋಮೈಡ್ 10. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮುಟ್ಟಿನ ನೋವಿಗೆ ಈ ಪಟ್ಟಿಯಲ್ಲಿ ನಿಜವಾಗಿ ದುಡಿಯುವುದು ಮೆಫೆನಾಮಿಕ್ ಆಸಿಡ್. ‘ಸ್ಪಾಸ್’ ಭಾಗಕ್ಕೆ, ಅಂದರೆ ಸೆಳೆತ ಬಿಡಿಸುವ ಮದ್ದಿಗೆ, ಸಿಗುತ್ತಿರುವ ಕೀರ್ತಿ ಅದರ ಕೆಲಸಕ್ಕಿಂತ ದೊಡ್ಡದು.

ಹೀಗೇಕೆ ಎಂದು ತಿಳಿಯಲು ಗರ್ಭಕೋಶದ ಗೋಡೆಯೊಳಗೆ ಸ್ವಲ್ಪ ಇಣುಕಬೇಕು.

ನೋವು ಹುಟ್ಟುವುದು ಎಲ್ಲಿ

ಗರ್ಭಕೋಶದ ಗೋಡೆ ಹೆಚ್ಚೂಕಡಿಮೆ ಪೂರ್ತಿ ನಯಸ್ನಾಯು. ಕೈಕಾಲಿನ ಸ್ನಾಯುವಿನಂತೆ ನಾವು ಹೇಳಿದಾಗ ಬಿಗಿಯುವ, ಹೇಳಿದಾಗ ಸಡಿಲವಾಗುವ ಜಾತಿಯದಲ್ಲ. ತನ್ನಷ್ಟಕ್ಕೆ ಹಿಂಡುತ್ತದೆ, ತನ್ನಷ್ಟಕ್ಕೆ ಬಿಡುತ್ತದೆ. ತಿಂಗಳ ಕೊನೆಗೆ ಪ್ರೊಜೆಸ್ಟರಾನ್ ಹಾರ್ಮೋನು ಇಳಿದಾಗ ಒಳಪದರ ಕಳಚಲು ಶುರುವಾಗುತ್ತದೆ. ಕಳಚುವ ಆ ಜೀವಕೋಶಗಳಿಂದ ಅರಾಕಿಡೋನಿಕ್ ಆಮ್ಲ ಹೊರಬರುತ್ತದೆ, ಸೈಕ್ಲೊಆಕ್ಸಿಜಿನೇಸ್ ಎಂಬ ಕಿಣ್ವ ಅದನ್ನು ಹಿಡಿದು ಪ್ರೊಸ್ಟಗ್ಲಾಂಡಿನ್ ತಯಾರಿಸುತ್ತದೆ. ಅದರಲ್ಲಿ ಎಫ್2-ಆಲ್ಫಾ ಎಂಬ ಬಗೆಯೇ ಮುಖ್ಯ ಕಿಡಿಗೇಡಿ.

ಅದು ಸ್ನಾಯುಕೋಶದ ಮೇಲಿನ ಗ್ರಾಹಕಕ್ಕೆ, ಅಂದರೆ ಸಂದೇಶ ಹಿಡಿಯುವ ಪ್ರೋಟೀನಿಗೆ, ಅಂಟಿಕೊಂಡ ಕೂಡಲೇ ಕೋಶದೊಳಗಿನ ಚೀಲದಲ್ಲಿ ಕೂಡಿಟ್ಟ ಕ್ಯಾಲ್ಸಿಯಂ ಕೋಶದ ರಸಕ್ಕೆ ಚೆಲ್ಲುತ್ತದೆ. ಪೊರೆಯ ಬಾಗಿಲುಗಳಿಂದ ಇನ್ನಷ್ಟು ಒಳನುಗ್ಗುತ್ತದೆ. ಕ್ಯಾಲ್ಸಿಯಂ ಹೋಗಿ ಕ್ಯಾಲ್‌ಮಾಡ್ಯುಲಿನ್ ಎಂಬ ಪ್ರೋಟೀನನ್ನು ಸೇರುತ್ತದೆ, ಇವೆರಡೂ ಸೇರಿ ಮಯೋಸಿನ್ ಲೈಟ್ ಚೈನ್ ಕೈನೇಸ್ ಎಂಬ ಕಿಣ್ವವನ್ನು ಎಬ್ಬಿಸುತ್ತವೆ, ಆ ಕಿಣ್ವ ಮಯೋಸಿನ್ ಎಳೆಗೆ ಫಾಸ್ಫೇಟ್ ಅಂಟಿಸುತ್ತದೆ. ಆಮೇಲೆ ಮಯೋಸಿನ್ ಪಕ್ಕದ ಆಕ್ಟಿನ್ ಎಳೆಯನ್ನು ಹಿಡಿದು ಎಳೆಯುತ್ತದೆ. ಇಷ್ಟಾದರೆ ಒಂದು ಹಿಂಡು. ನಯಸ್ನಾಯು ಸಡಿಲಿಸುವ ಯಾವ ಔಷಧವಾದರೂ ಈ ಸರಪಳಿಯ ಯಾವುದೋ ಒಂದು ಕೊಂಡಿಗೆ ಕೈ ಹಾಕುತ್ತದೆ. ಯಾವ ಕೊಂಡಿ ಎನ್ನುವುದರ ಮೇಲೆ ಉಳಿದ ಕತೆಯೆಲ್ಲ ನಿಂತಿದೆ.

ಸಾಮಾನ್ಯ ಮುಟ್ಟಿನಲ್ಲೂ ಗರ್ಭಕೋಶ ಹಿಂಡುತ್ತಲೇ ಇರುತ್ತದೆ, ಒಳಗಿನ ಒತ್ತಡ ಹಿಂಡಿನ ತುದಿಯಲ್ಲಿ ಸುಮಾರು 120 ಮಿ.ಮೀ. ಪಾದರಸಕ್ಕೆ ಏರುವುದುಂಟು. ತೀವ್ರ ನೋವಿರುವವರಲ್ಲಿ ಅದು 150 ದಾಟಿ 400ರವರೆಗೂ ಹೋದದ್ದು ದಾಖಲಾಗಿದೆ. ನಮ್ಮ ಬಿಪಿಯ ಮೇಲಿನ ಅಂಕಿ 120 ಎಂಬುದನ್ನು ನೆನಪಿಸಿಕೊಂಡರೆ ಇದರ ಅರ್ಥ ಹೊಳೆಯುತ್ತದೆ. ಹಿಂಡು ಬಿಡುವ ತನಕ ಆ ಸ್ನಾಯುವಿಗೆ ರಕ್ತವೇ ಸರಿಯಾಗಿ ತಲುಪುವುದಿಲ್ಲ. ನೋವು ಬರುವುದು ಆ ರಕ್ತದ ಕೊರತೆಯಿಂದ, ಎದೆನೋವಿನಲ್ಲಿ ಹೃದಯದ ಸ್ನಾಯುವಿಗೆ ಆಗುವುದೂ ಇದೇ. ‘ಮುಟ್ಟಿನ ನೋವೂ ಒಂದು ನೋವೇ?’ ಎನ್ನುವ ಹಿರಿಯರು ಮನೆಯಲ್ಲಿದ್ದರೆ ಈ 400ರ ಅಂಕಿಯನ್ನು ಅವರಿಗೆ ಹೇಳಿ ನೋಡಬಹುದು.

ಮುಟ್ಟಿನ ಸ್ರಾವದಲ್ಲಿ ನಯಸ್ನಾಯುವನ್ನು ಕೆರಳಿಸುವ ವಸ್ತುವೊಂದಿದೆ ಎಂದು ಪಿಕಲ್ಸ್ ಎಂಬ ಬ್ರಿಟಿಷ್ ವಿಜ್ಞಾನಿ 1957ರಲ್ಲೇ ಬರೆದಿದ್ದರು. ಆಸ್ಪಿರಿನ್‌ನಂಥ ಮದ್ದುಗಳು ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನೇ ನಿಲ್ಲಿಸುತ್ತವೆ ಎಂದು ಜಾನ್ ವೇನ್ ತೋರಿಸಿದ್ದು 1971ರಲ್ಲಿ. ಆ ಎರಡು ಸಂಗತಿಗಳನ್ನು ಜೋಡಿಸುವವರೆಗೆ ‘ಮನಸ್ಸಿನ ನೋವು, ಮದುವೆಯಾದರೆ ಸರಿಹೋಗುತ್ತದೆ’ ಎಂಬ ಮಾತು ವೈದ್ಯರ ಬಾಯಲ್ಲೂ ಇತ್ತು. ವೇನ್‌ಗೆ 1982ರಲ್ಲಿ ನೊಬೆಲ್ ಬಂತು.

ಬೇರಿಗೇ ಕೈ ಹಾಕುವ ಮಾತ್ರೆಗಳು

ಮೆಫೆನಾಮಿಕ್ ಆಸಿಡ್, ಐಬುಪ್ರೊಫೆನ್, ನೆಪ್ರಾಕ್ಸೆನ್ ಮೂರೂ ಸೈಕ್ಲೊಆಕ್ಸಿಜಿನೇಸ್ ಕಿಣ್ವವನ್ನು ತಡೆಯುತ್ತವೆ. ಇವು ಸ್ನಾಯುವನ್ನು ನೇರವಾಗಿ ಸಡಿಲಿಸುವುದಿಲ್ಲ, ಅದನ್ನು ಹಿಂಡುವಂತೆ ಪ್ರಚೋದಿಸುವ ಪ್ರೊಸ್ಟಗ್ಲಾಂಡಿನ್ ಹುಟ್ಟದಂತೆ ಮಾಡುತ್ತವೆ. ಪರಿಣಾಮ ಮಾತ್ರ ಅದೇ: ಒತ್ತಡ ಇಳಿಯುತ್ತದೆ, ರಕ್ತ ಹರಿಯುತ್ತದೆ. ಕಾಕ್ರೇನ್ ಎಂಬ ಸಂಸ್ಥೆಯ 2015ರ ಪರಿಶೀಲನೆ ಹತ್ತಾರು ಪ್ರಯೋಗಗಳನ್ನು ಒಟ್ಟಿಗಿಟ್ಟು ಲೆಕ್ಕ ಹಾಕಿತು. ಬರೀ ಸಕ್ಕರೆ ಮಾತ್ರೆ ತಿಂದವರಲ್ಲಿ ನೂರಕ್ಕೆ 18 ಮಂದಿಗೆ ಚೆನ್ನಾಗಿ ನೋವು ತಗ್ಗಿದರೆ, ಈ ಗುಂಪಿನ ಮಾತ್ರೆ ತಿಂದವರಲ್ಲಿ 45ರಿಂದ 53 ಮಂದಿಗೆ ತಗ್ಗುತ್ತದೆ. ಎಲ್ಲರಿಗೂ ಅಲ್ಲ ಎಂಬುದನ್ನೂ ಅಂಕಿಯೇ ಹೇಳುತ್ತಿದೆ. ಗುಂಪಿನೊಳಗೆ ಯಾವುದು ಮೇಲು ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ.

ಹಾಗಾದರೆ ಆರಿಸುವುದು ಹೇಗೆ? ದಿನಚರಿಗೆ ಹೊಂದಿಸಿಕೊಂಡು. ಐಬುಪ್ರೊಫೆನ್ 400 ಮಿ.ಗ್ರಾಂ ಆರರಿಂದ ಎಂಟು ಗಂಟೆಗೊಮ್ಮೆ ಬೇಕು. ಹೊಟ್ಟೆಗೆ ಈ ಮೂರರಲ್ಲಿ ತುಸು ಮೃದು. ನೆಪ್ರಾಕ್ಸೆನ್ ದೇಹದಲ್ಲಿ ಅರ್ಧ ದಿನಕ್ಕೂ ಹೆಚ್ಚು ಹೊತ್ತು ನಿಲ್ಲುತ್ತದೆ, ಆದ್ದರಿಂದ ರಾತ್ರಿ ನಿದ್ದೆ ಕೆಡುವವರಿಗೆ, ಕಾಲೇಜಿನಲ್ಲೋ ಗಾರ್ಮೆಂಟ್ಸ್‌ನಲ್ಲೋ ನಡುನಡುವೆ ಮಾತ್ರೆ ನುಂಗಲು ಪುರುಸೊತ್ತಿಲ್ಲದವರಿಗೆ ಅನುಕೂಲ. ಮೆಫೆನಾಮಿಕ್ ಆಸಿಡ್‌ಗೆ ಒಂದು ವಿಶೇಷವಿದೆ: ಅದು ಕಿಣ್ವವನ್ನು ತಡೆಯುವುದರ ಜೊತೆಗೆ ಆಗಲೇ ತಯಾರಾದ ಪ್ರೊಸ್ಟಗ್ಲಾಂಡಿನ್ ಗ್ರಾಹಕಕ್ಕೆ ಅಂಟುವುದನ್ನೂ ಒಂದಿಷ್ಟು ತಡೆಯುತ್ತದೆ. ಮೊದಲ ಡೋಸ್ 500, ಆಮೇಲೆ ಆರು ಗಂಟೆಗೊಮ್ಮೆ 250 ಎಂಬುದು ವಾಡಿಕೆಯ ಕ್ರಮ, ಎರಡು ಮೂರು ದಿನ ಮಾತ್ರ.

ಇಲ್ಲೇ ಒಂದು ಮಾತು. ಮೆಫ್ಟಾಲ್ ಸ್ಪಾಸ್‌ನ ಒಂದು ಮಾತ್ರೆಯಲ್ಲಿ ಇರುವುದು 250. ‘ನನಗೆ ಆ ಮಾತ್ರೆ ನಾಟುವುದಿಲ್ಲ’ ಎನ್ನುವ ಎಷ್ಟೋ ಮಂದಿ ಮೊದಲ ಡೋಸನ್ನೇ ಅರ್ಧ ತಿಂದಿರುತ್ತಾರೆ. ಹಾಗೆಂದು ಎರಡು ಸ್ಪಾಸ್ ನುಂಗಿದರೆ ಡೈಸೈಕ್ಲೊಮೈನ್ ಕೂಡ ದುಪ್ಪಟ್ಟಾಗುತ್ತದೆ. ಬರೀ ಮೆಫೆನಾಮಿಕ್ ಆಸಿಡ್ 500ರ ಮಾತ್ರೆಯೇ ಬೇರೆ ಸಿಗುತ್ತದೆ, ಡಾಕ್ಟರ ಬಳಿ ಅದನ್ನೇ ಬರೆಸಿಕೊಳ್ಳುವುದು ಮೇಲು.

ಹೊತ್ತು ಮುಖ್ಯ

ಯಾವ ಮಾತ್ರೆ ಎಂಬುದಕ್ಕಿಂತ ಯಾವಾಗ ಎಂಬುದು ಹೆಚ್ಚು ತೂಕದ ಪ್ರಶ್ನೆ ಎಂದು ನನಗನ್ನಿಸುತ್ತದೆ. ಪ್ರೊಸ್ಟಗ್ಲಾಂಡಿನ್ ಹೆಚ್ಚು ಹೊರಬರುವುದು ಮೊದಲ 48 ಗಂಟೆಗಳಲ್ಲಿ. ನಮ್ಮಲ್ಲಿ ಮಾತ್ರೆ ತಿನ್ನುವುದು ಸಾಮಾನ್ಯವಾಗಿ ಹೇಗೆ? ಬೆಳಿಗ್ಗೆ ಸೆಳೆತ ಶುರು, ‘ಇರಲಿ, ತಡೆದುಕೊಳ್ಳೋಣ’, ಮಧ್ಯಾಹ್ನಕ್ಕೆ ವಾಂತಿ, ಆಮೇಲೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಅದೂ ವಾಂತಿಯಲ್ಲಿ ಹೋಗುತ್ತದೆ. ಅಷ್ಟರಲ್ಲಿ ಪ್ರೊಸ್ಟಗ್ಲಾಂಡಿನ್ ತಯಾರಾಗಿ ಗ್ರಾಹಕಕ್ಕೆ ಅಂಟಿ ಆಗಿದೆ. ಕಿಣ್ವ ತಡೆಯುವ ಮದ್ದು ಇನ್ನು ಮುಂದೆ ಹುಟ್ಟುವುದನ್ನು ನಿಲ್ಲಿಸಬಲ್ಲದೇ ಹೊರತು ಹುಟ್ಟಿದ್ದನ್ನು ಅಳಿಸಲಾರದು. ಕಲೆ ಕಂಡ ಕೂಡಲೇ, ತಿಂಗಳ ಲೆಕ್ಕ ಸರಿಯಿರುವವರು ಅದಕ್ಕೂ ಸ್ವಲ್ಪ ಮೊದಲೇ, ಏನಾದರೂ ತಿಂದು ಮೊದಲ ಡೋಸ್ ತೆಗೆದುಕೊಳ್ಳಬೇಕು. ನೋವು ಮತ್ತೆ ಬರಲಿ ಎಂದು ಕಾಯದೆ ಮೊದಲ ಎರಡು ದಿನ ಹೊತ್ತಿಗೆ ಸರಿಯಾಗಿ ಮುಂದುವರಿಸಬೇಕು. 2025ರ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದು ಸಂಬಳ ಸಹಿತ ರಜೆ ಒಪ್ಪಿದ್ದು ಒಳ್ಳೆಯದೇ ಆಯಿತು. ಆದರೂ ಪ್ರೊಸ್ಟಗ್ಲಾಂಡಿನ್‌ನ ರಜೆ ಲೆಕ್ಕ ಎರಡು ದಿನದ್ದು.

ಸಡಿಲಿಸುವ ಮಾತ್ರೆಗಳು: ಮದ್ದು ಮೂರು, ಕುಲ ಎರಡು

ಡೈಸೈಕ್ಲೊಮೈನ್ ಮತ್ತು ಹಯೋಸಿನ್ ಬ್ಯುಟೈಲ್‌ಬ್ರೋಮೈಡ್ ಒಂದು ಕುಲದವು. ಅಸಿಟೈಲ್‌ಕೋಲಿನ್ ಎಂಬ ನರಸಂದೇಶವನ್ನು ತಡೆಯುವುದು ಇವುಗಳ ಕೆಲಸ. ದತ್ತೂರಿ ಗಿಡದಲ್ಲಿರುವ ವಿಷದ ಹತ್ತಿರದ ನೆಂಟರು ಎಂದರೂ ಸರಿಯೇ; ಹಯೋಸಿನ್ ದತ್ತೂರಿಯಲ್ಲೇ ಇದೆ. ಕರುಳು ಹಿಂಡುವುದು ಬಹುಪಾಲು ಈ ಅಸಿಟೈಲ್‌ಕೋಲಿನ್ ಮಾತಿನಂತೆ, ಆದ್ದರಿಂದ ಕರುಳಿನ ಸೆಳೆತಕ್ಕೆ ಇವು ಹೇಳಿಮಾಡಿಸಿದ ಮದ್ದು. ಗರ್ಭಕೋಶ ಹಾಗಲ್ಲ. ಅದು ಕೇಳುವುದು ಪ್ರೊಸ್ಟಗ್ಲಾಂಡಿನ್ ಮತ್ತು ಆಕ್ಸಿಟೋಸಿನ್ ಎಂಬ ಹಾರ್ಮೋನಿನ ಮಾತನ್ನು, ನರಗಳ ಮಾತನ್ನು ಅಷ್ಟಾಗಿ ಅಲ್ಲ. ಡೈಸೈಕ್ಲೊಮೈನ್‌ಗೆ ಸ್ನಾಯುವಿನ ಮೇಲೆ ನೇರವಾಗಿಯೂ ಸ್ವಲ್ಪ ಪ್ರಭಾವವಿದೆ, ಆದರೆ 10 ಮಿ.ಗ್ರಾಂನಲ್ಲಿ ಅದರಿಂದ ಹೆಚ್ಚು ನಿರೀಕ್ಷಿಸುವಂತಿಲ್ಲ. ಹಯೋಸಿನ್ ಮಾತ್ರೆಯಂತೂ ಹೊಟ್ಟೆಯಿಂದ ರಕ್ತಕ್ಕೆ ಸೇರುವುದೇ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ಕರುಳಿಗೆ ಅದು ಅನುಕೂಲ, ಗರ್ಭಕೋಶಕ್ಕೆ ತಲುಪಬೇಕಾದವರಿಗೆ ಅನನುಕೂಲ. ಮುಟ್ಟಿನ ನೋವಿಗೆ ಬರೀ ಬಸ್ಕೊಗ್ಯಾಸ್ಟ್ ಕೊಟ್ಟರೆ ನಾನಾದರೆ ಬೇಡ ಎನ್ನುತ್ತೇನೆ.

ಹಾಗಾದರೆ ‘ಸ್ಪಾಸ್’ನಿಂದ ಯಾರಿಗೂ ಉಪಯೋಗವೇ ಇಲ್ಲವೇ? ಇದೆ. ಪ್ರೊಸ್ಟಗ್ಲಾಂಡಿನ್ ಗರ್ಭಕೋಶದಲ್ಲೇ ಉಳಿಯುವುದಿಲ್ಲ, ಪಕ್ಕದ ಕರುಳಿಗೂ ಸೋರುತ್ತದೆ. ಮುಟ್ಟಿನ ಮೊದಲ ದಿನ ಕೆಲವರಿಗೆ ನಾಲ್ಕೈದು ಸಲ ಭೇದಿಯಾಗುವುದು, ಹೊಕ್ಕುಳ ಸುತ್ತ ಕಿವುಚಿದಂತೆ ಆಗುವುದು ಇದರಿಂದಲೇ. ಅಂಥವರಿಗೆ ಡೈಸೈಕ್ಲೊಮೈನ್ ಸೇರಿದ ಮಾತ್ರೆ ನಿಜಕ್ಕೂ ಹಿತ ಕೊಡಬಹುದು. ಮಲಬದ್ಧತೆ ಇರುವವರಿಗೆ ಅದೇ ಮಾತ್ರೆ ಇನ್ನಷ್ಟು ಕಟ್ಟಿಹಾಕುತ್ತದೆ. ಬಾಯಿ ಒಣಗುವುದು, ಕಣ್ಣು ಮಂಜಾಗುವುದು, ತೂಕಡಿಕೆ ಇವೆಲ್ಲ ಡೈಸೈಕ್ಲೊಮೈನ್‌ನ ಕಾಣಿಕೆ. ಕಣ್ಣಿನ ಒತ್ತಡದ ಗ್ಲಾಕೊಮಾ ಇರುವವರು, ಮೂತ್ರ ಸರಾಗವಾಗಿ ಹೋಗದವರು, ಎಳೆಮಗುವಿಗೆ ಹಾಲೂಡಿಸುವವರು ಇದನ್ನು ಮುಟ್ಟಬಾರದು.

ಡ್ರೋಟಾವೆರಿನ್ ಬೇರೆಯೇ ಜಾತಿ. ಗಸಗಸೆ ಗಿಡದ ಅಫೀಮಿನಲ್ಲಿ ಮಾರ್ಫಿನ್ ಜೊತೆ ಪಾಪವೆರಿನ್ ಎಂಬ ವಸ್ತುವೂ ಇದೆ. ಅದಕ್ಕೆ ಅಮಲಿನ ಗುಣವಿಲ್ಲ, ನಯಸ್ನಾಯು ಸಡಿಲಿಸುವ ಗುಣವಿದೆ. ಅದನ್ನು ತಿದ್ದಿ 1960ರ ದಶಕದ ಆರಂಭದಲ್ಲಿ ಹಂಗೆರಿಯವರು ಡ್ರೋಟಾವೆರಿನ್ ಮಾಡಿದರು. ‘ನೋ-ಸ್ಪಾ’ ಎಂಬ ಹೆಸರಿನಲ್ಲಿ ಪೋಲೆಂಡ್, ರಷ್ಯಾ ಕಡೆ ಅದು ಇಂದಿಗೂ ಮನೆಮಾತು. ಅಮೆರಿಕದಲ್ಲಿ ಮಾತ್ರ ಅದಕ್ಕೆ ಪರವಾನಗಿಯೇ ಇಲ್ಲ.

ಇದು ನರಸಂದೇಶದ ಗೊಡವೆಗೆ ಹೋಗುವುದಿಲ್ಲ, ಸ್ನಾಯುಕೋಶದ ಒಳಗೇ ಕೆಲಸ ಮಾಡುತ್ತದೆ. ಕೋಶದಲ್ಲಿ ಸೈಕ್ಲಿಕ್ ಎಎಂಪಿ ಎಂಬ ಅಣುವಿದೆ, ಸ್ನಾಯುವಿಗೆ ‘ಬಿಡು’ ಎಂದು ಹೇಳುವ ಅಣು. ಫಾಸ್ಫೊಡೈಎಸ್ಟರೇಸ್-4 ಎಂಬ ಕಿಣ್ವ ಅದನ್ನು ಒಡೆದು ಹಾಕುತ್ತಿರುತ್ತದೆ. ಡ್ರೋಟಾವೆರಿನ್ ಆ ಕಿಣ್ವವನ್ನು ತಡೆದಾಗ ಸೈಕ್ಲಿಕ್ ಎಎಂಪಿ ಏರುತ್ತದೆ, ಮಯೋಸಿನ್‌ಗೆ ಫಾಸ್ಫೇಟ್ ಅಂಟಿಸುವ ಆ ಕೈನೇಸ್ ಮಂಕಾಗುತ್ತದೆ, ಕ್ಯಾಲ್ಸಿಯಂ ಕರೆದರೂ ಎದ್ದು ಬರುವುದಿಲ್ಲ. ಹಿಂಡು ಸಡಿಲವಾಗುತ್ತದೆ. ಗರ್ಭಕೋಶದಲ್ಲಿ ಈ ಬಗೆಯ ಕಿಣ್ವ ಚೆನ್ನಾಗಿಯೇ ಇದೆ, ಹೃದಯದಲ್ಲಿ ಹೆಚ್ಚು ಕೆಲಸ ಮಾಡುವುದು ಮೂರನೆಯ ಬಗೆಯದು. ಹಾಗಾಗಿ ಪಾಪವೆರಿನ್‌ಗಿಂತ ಹೃದಯಕ್ಕೆ ತೊಂದರೆ ಕಡಿಮೆ. ಬಾಯಿ ಒಣಗಿಸುವುದೂ ಕಡಿಮೆ. ಸಡಿಲಿಸುವ ಮಾತ್ರೆಯೇ ಬೇಕೆಂದಾದರೆ ಈ ಮೂರರಲ್ಲಿ ಗರ್ಭಕೋಶದ ಮಟ್ಟಿಗೆ ತರ್ಕಬದ್ಧವಾದದ್ದು ಇದೇ ಎಂದು ನನ್ನ ಎಣಿಕೆ.

ಆದರೂ ಪ್ರೊಸ್ಟಗ್ಲಾಂಡಿನ್ ತಡೆಯುವುದನ್ನು ಬಿಟ್ಟು ಬರೀ ಡ್ರೋಟಾವೆರಿನ್ ನುಂಗುವುದು ಒಲೆಯ ಉರಿ ತಗ್ಗಿಸದೆ ಉಕ್ಕುವ ಹಾಲಿಗೆ ನೀರು ಚಿಮುಕಿಸಿದ ಹಾಗೆ. ಮೆಫೆನಾಮಿಕ್ ಆಸಿಡ್ ಅಥವಾ ಅದೇ ಗುಂಪಿನ ಅಸೆಕ್ಲೊಫೆನಾಕ್ ಜೊತೆಗೆ ಸೇರಿಸಿ ಮಾರುವುದು ಅದಕ್ಕೇ. ಬಿಪಿ ಮೊದಲೇ ಕಡಿಮೆ ಇರುವವರಿಗೆ ತಲೆ ಸುತ್ತಬಹುದು, ಎದೆ ಹೊಡೆದುಕೊಳ್ಳಬಹುದು, ತಲೆನೋವೂ ಬರಬಹುದು. ಮುಟ್ಟಿನ ದಿನ ಏನೂ ತಿನ್ನದೆ ಮಲಗಿ, ಡ್ರೋಟಾವೆರಿನ್ ನುಂಗಿ, ಬಚ್ಚಲಿಗೆಂದು ಥಟ್ಟನೆ ಎದ್ದರೆ ಕಣ್ಣು ಕತ್ತಲೆ ಕಟ್ಟುತ್ತದೆ. ಯಕೃತ್ತು, ಮೂತ್ರಪಿಂಡ, ಹೃದಯದ ತೀವ್ರ ತೊಂದರೆ ಇರುವವರಿಗೆ ಇದು ಸಲ್ಲದು.

ತಪ್ಪು ಡಬ್ಬಿಯಿಂದ ತೆಗೆಯುವವು

ಸೊಂಟ ಹಿಡಿದಾಗ ಮೂಳೆ ಡಾಕ್ಟರು ಬರೆದುಕೊಟ್ಟ ‘ಮಸಲ್ ರಿಲ್ಯಾಕ್ಸೆಂಟ್’ ಮನೆಯಲ್ಲಿ ಉಳಿದಿರುತ್ತದೆ. ಥಯೋಕಾಲ್ಚಿಕೋಸೈಡ್, ಕ್ಲೋರ್‌ಝೊಕ್ಸಝೋನ್ ಇತ್ಯಾದಿ. ಸ್ನಾಯು ಸಡಿಲಿಸುವುದು ತಾನೆ, ಇದಕ್ಕೂ ಆದೀತು ಎಂದು ನುಂಗುವವರಿದ್ದಾರೆ. ಅವು ಕೈಕಾಲು, ಬೆನ್ನಿನ ಸ್ನಾಯುಗಳಿಗೆ ನರಮಂಡಲದ ಮೂಲಕ ಕೆಲಸ ಮಾಡುವಂಥವು. ಗರ್ಭಕೋಶಕ್ಕೆ ಅವುಗಳ ಪರಿಚಯವೇ ಇಲ್ಲ.

ಇನ್ನೊಂದು, ಟ್ರಾನೆಕ್ಸಾಮಿಕ್ ಆಸಿಡ್ ಮತ್ತು ಮೆಫೆನಾಮಿಕ್ ಆಸಿಡ್ ಸೇರಿದ ಮಾತ್ರೆ. ಅದು ರಕ್ತಸ್ರಾವ ವಿಪರೀತ ಇರುವವರಿಗೆ. ನೋವು ಮಾತ್ರ ಇದ್ದು ಸ್ರಾವ ಸಾಧಾರಣವಾಗಿರುವವರಿಗೆ ಅದು ಬೇಕಿಲ್ಲ.

ಎರಡು ಮಾತ್ರೆ ಕೂಡಿಸುವಾಗಲೂ ಹಿಂಬದಿ ಓದಿ. ಮೆಫ್ಟಾಲ್ ಸ್ಪಾಸ್ ಮೇಲೆ ಕಾಂಬಿಫ್ಲಾಮ್ ಎಂದರೆ ಮೆಫೆನಾಮಿಕ್ ಜೊತೆ ಐಬುಪ್ರೊಫೆನ್, ಒಂದೇ ಗುಂಪಿನ ಎರಡು. ನೋವು ಹೆಚ್ಚೇನೂ ತಗ್ಗದೆ ಹೊಟ್ಟೆ ಉರಿ ಮಾತ್ರ ಏರುತ್ತದೆ. ಮೆಫ್ಟಾಲ್ ಸ್ಪಾಸ್ ಮೇಲೆ ಸೈಕ್ಲೋಪಾಮ್ ಎಂದರೆ ಡೈಸೈಕ್ಲೊಮೈನ್ 30. ಸೇರಿಸಲೇಬೇಕೆಂದರೆ ಬರೀ ಪ್ಯಾರಾಸಿಟಮಾಲ್ ಸೇರಿಸಬಹುದು, ಅದು ಬೇರೆ ಗುಂಪು.

ಬಿಸಿನೀರಿನ ಬ್ಯಾಗನ್ನು ಹಗುರ ಮಾಡಬೇಡಿ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹೊಟ್ಟೆಯ ಮೇಲೆ ಸುಮಾರು 39 ಡಿಗ್ರಿಯ ಪಟ್ಟಿಯನ್ನು ದಿನಕ್ಕೆ 12 ಗಂಟೆ ಕಟ್ಟಿಕೊಂಡವರಿಗೆ ಐಬುಪ್ರೊಫೆನ್ 400ರಷ್ಟೇ ಪರಿಹಾರ ಸಿಕ್ಕಿತು. 39 ಡಿಗ್ರಿ ಎಂದರೆ ಮೈಗೆ ಹಿತವಾದ ಬಿಸಿ. ಚರ್ಮ ಕಪ್ಪಾಗುವಷ್ಟು ಕುದಿಯುವ ನೀರು ತುಂಬಿ ಒತ್ತಿಕೊಳ್ಳುವುದರಿಂದ ಹೆಚ್ಚುವರಿ ಲಾಭವಿಲ್ಲ. ಶುಂಠಿ ಕಷಾಯಕ್ಕೂ ಸಣ್ಣಪುಟ್ಟ ಅಧ್ಯಯನಗಳ ಬೆಂಬಲವಿದೆ, ಕುಡಿಯುವವರು ಕುಡಿಯಲಿ.

ಮೆಫೆನಾಮಿಕ್ ಗುಂಪು ಆಗದವರು

ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ, ನೋವಿನ ಮಾತ್ರೆ ತಿಂದರೆ ಉಬ್ಬಸ ಬರುವ ಆಸ್ತಮಾ, ರಕ್ತ ತೆಳುವಾಗಿಸುವ ಔಷಧ ಇವಿದ್ದರೆ ಈ ಗುಂಪು ಬೇಡ. ಮೂರ್ಛೆರೋಗ ಇರುವವರು ಮೆಫೆನಾಮಿಕ್ ಬಿಟ್ಟು ಬೇರೆಯದನ್ನು ಡಾಕ್ಟರ ಬಳಿ ಕೇಳಬೇಕು. ಮಳೆಗಾಲದಲ್ಲಿ ಮುಟ್ಟಿನ ಜೊತೆ ಜ್ವರವೂ ಇದ್ದರೆ ಡೆಂಗಿ ಅಲ್ಲವೆಂದು ಖಾತ್ರಿಯಾಗುವವರೆಗೆ ಇವನ್ನು ಮುಟ್ಟಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಇಂಥವರಿಗೆ ಪ್ಯಾರಾಸಿಟಮಾಲ್, (ಮೂತ್ರಪಿಂಡದ ತೀವ್ರ ತೊಂದರೆ ಇಲ್ಲದಿದ್ದರೆ) ಡ್ರೋಟಾವೆರಿನ್, ಬಿಸಿ ಶಾಖ ಮೂರೂ ಸೇರಿಸಿ ನೋಡುವುದು ಒಂದು ದಾರಿ. ಪರಿಹಾರ ಪೂರ್ತಿ ಸಿಗದು, ಒಂದಿಷ್ಟು ಸಿಗುತ್ತದೆ.

2023ರ ಕೊನೆಗೆ ಭಾರತೀಯ ಫಾರ್ಮಾಕೊಪಿಯ ಆಯೋಗ ಮೆಫೆನಾಮಿಕ್ ಆಸಿಡ್‌ನಿಂದ ‘ಡ್ರೆಸ್’ ಎಂಬ ತೀವ್ರ ಅಲರ್ಜಿ ಬರಬಹುದೆಂದು ಎಚ್ಚರಿಸಿದಾಗ ವಾಟ್ಸಾಪ್ ತುಂಬ ‘ಮೆಫ್ಟಾಲ್ ಬ್ಯಾನ್’ ಎಂದು ಹರಿದಾಡಿತು. ಬ್ಯಾನ್ ಆಗಿಲ್ಲ. ಆ ಅಲರ್ಜಿ ಬಹಳ ಅಪರೂಪ. ಸಾಮಾನ್ಯವಾಗಿ ಮಾತ್ರೆ ಶುರುಮಾಡಿ ಎರಡರಿಂದ ಎಂಟು ವಾರದೊಳಗೆ ಜ್ವರ, ಮೈಮೇಲೆ ಗಂಧೆ, ಗಂಟಲು–ಕಂಕುಳಲ್ಲಿ ಗಡ್ಡೆಯಾಗಿ ಕಾಣಿಸಿಕೊಳ್ಳುತ್ತದೆ. ಹಾಗಾದರೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಪ್ರತಿ ತಿಂಗಳೂ ಮಾತ್ರೆ ನುಂಗಿ ಸಾಕಾದವರಿಗೆ ಹಾರ್ಮೋನು ಮಾತ್ರೆ ಇನ್ನೊಂದು ಆಯ್ಕೆ. ಒಳಪದರವೇ ತೆಳುವಾಗಿ ಬೆಳೆದರೆ ಪ್ರೊಸ್ಟಗ್ಲಾಂಡಿನ್ ತಯಾರಿಸಲು ಸಾಮಗ್ರಿಯೇ ಕಡಿಮೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್ ಎಂಬ ಗರ್ಭನಿರೋಧಕ ಮಾತ್ರೆ ಕೂಡ ಈ ಜಾತಿಯದೇ. ‘ಮದುವೆಯಾಗದ ಹುಡುಗಿಗೆ ಅದೇಕೆ’ ಎಂಬ ಪ್ರಶ್ನೆಗೆ ಉತ್ತರ, ನೋವಿಗೆ. ಕಣ್ಣೆದುರು ಮಿಂಚು ಕಂಡು ಬರುವ ಮೈಗ್ರೇನ್, ರಕ್ತ ಹೆಪ್ಪುಗಟ್ಟಿದ ಹಿನ್ನೆಲೆ, ಹೆಚ್ಚು ಬಿಪಿ ಇದ್ದವರಿಗೆ ಇದು ಸಲ್ಲದು. ಆದ್ದರಿಂದ ಡಾಕ್ಟರನ್ನು ಕೇಳಿಯೇ ಶುರುಮಾಡಬೇಕು.

ಬಸುರಿನಲ್ಲಿ ಇದೇ ಸ್ನಾಯು, ಬೇರೆ ಲೆಕ್ಕ

ಬಸುರಿಯರಿಗೆ ಹೊಟ್ಟೆ ಹಿಂಡಿದಾಗ ಮೇಲಿನ ಯಾವ ಮಾತ್ರೆಯನ್ನೂ ಮನೆಯಲ್ಲಿ ಕೊಡಬಾರದು. 20 ವಾರದ ನಂತರ ಮೆಫೆನಾಮಿಕ್ ಗುಂಪು ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಿ ಗರ್ಭದ ನೀರನ್ನು ತಗ್ಗಿಸಬಲ್ಲದು. ಅವಧಿಗೆ ಮೊದಲೇ ನೋವು ಬಂದರೆ ಆಸ್ಪತ್ರೆಯಲ್ಲಿ ಬಳಸುವ ಔಷಧಗಳೇ ಬೇರೆ, ಆದರೆ ಸರಪಳಿ ಅದೇ. ನಿಫೆಡಿಪಿನ್ ಪೊರೆಯ ಕ್ಯಾಲ್ಸಿಯಂ ಬಾಗಿಲನ್ನು ಮುಚ್ಚುತ್ತದೆ. ನಮ್ಮ ಕಡೆ ಬಹಳ ಬಳಕೆಯ ಡುವಾಡಿಲಾನ್, ಅಂದರೆ ಐಸಾಕ್ಸುಪ್ರಿನ್, ಡ್ರೋಟಾವೆರಿನ್‌ನಂತೆಯೇ ಸೈಕ್ಲಿಕ್ ಎಎಂಪಿಯನ್ನು ಏರಿಸುತ್ತದೆ, ದಾರಿ ಮಾತ್ರ ಬೇರೆ. ತಾಯಿಗೆ ಎದೆ ಹೊಡೆದುಕೊಳ್ಳುವುದು ಹೆಚ್ಚು. ಅಟೋಸಿಬಾನ್ ಆಕ್ಸಿಟೋಸಿನ್ ಗ್ರಾಹಕವನ್ನು ತಡೆಯುತ್ತದೆ, ತೊಂದರೆ ಕಡಿಮೆ, ಬೆಲೆ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮುಂದಿಟ್ಟದ್ದು ನಿಫೆಡಿಪಿನ್ ಹೆಸರನ್ನು. ಇವು ಯಾವುವೂ ಹೆರಿಗೆಯನ್ನು ತಿಂಗಳುಗಟ್ಟಲೆ ಮುಂದೂಡುವುದಿಲ್ಲ. ಮಗುವಿನ ಶ್ವಾಸಕೋಶ ಬಲಿಯಲು ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಕೆಲಸ ಮಾಡುವಷ್ಟು, ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇರುವ ಆಸ್ಪತ್ರೆಗೆ ತಾಯಿಯನ್ನು ಸಾಗಿಸುವಷ್ಟು, ಅಂದರೆ ಸುಮಾರು 48 ಗಂಟೆ ಕೊಡಿಸುತ್ತವೆ. ಆ 48 ಗಂಟೆಯ ಬೆಲೆ ಮಾತ್ರ ಬಹಳ.

ಡಾಕ್ಟರ ಬಳಿ ಹೋಗಬೇಕಾದ್ದು ಯಾವಾಗ

ಸರಿಯಾದ ಮಾತ್ರೆಯನ್ನು ಸರಿಯಾದ ಡೋಸ್‌ನಲ್ಲಿ, ಹೊತ್ತಿಗೆ ಮೊದಲೇ ಶುರುಮಾಡಿ ಮೂರು ತಿಂಗಳು ನೋಡಿ. ಅಷ್ಟಾದರೂ ಹಾಸಿಗೆ ಬಿಟ್ಟು ಏಳಲಾಗದಿದ್ದರೆ, ವರ್ಷದಿಂದ ವರ್ಷಕ್ಕೆ ನೋವು ಏರುತ್ತಿದ್ದರೆ, ಮುಟ್ಟಿಲ್ಲದ ದಿನಗಳಲ್ಲೂ ಕಿಬ್ಬೊಟ್ಟೆ ನೋಯುತ್ತಿದ್ದರೆ, ಮುಟ್ಟಿನ ದಿನ ಮಲ ವಿಸರ್ಜನೆಗೆ ಕೂತಾಗ ಅಥವಾ ಲೈಂಗಿಕ ಸಂಪರ್ಕದ ವೇಳೆ ಜೀವ ಹೋಗುವಂತೆ ನೋವಾದರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಕಾಯಿಲೆ) ಇದೆಯೇ ಎಂದು ಸ್ತ್ರೀರೋಗ ತಜ್ಞರನ್ನೇ ನೇರವಾಗಿ ಕೇಳಿ. ಸ್ಕ್ಯಾನ್ ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದು ಬಂದಿದೆ, ಇನ್ನೇನೂ ಇಲ್ಲ ಎಂದು ಕಳಿಸಿದರೆ ಅಲ್ಲಿಗೇ ಬಿಡಬೇಡಿ. ಆರಂಭದ ಹಂತದ ಎಂಡೊಮೆಟ್ರಿಯೋಸಿಸ್ ಸಾಮಾನ್ಯ ಸ್ಕ್ಯಾನಿನಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಯಾವ ಮಾತ್ರೆ, ಎಷ್ಟು ಮಿ.ಗ್ರಾಂ, ನೋವು ಶುರುವಾಗಿ ಎಷ್ಟು ಹೊತ್ತಿಗೆ ತಿಂದಿರಿ ಎಂಬುದನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡು ಹೋಗಿ. ‘ಮೆಫ್ಟಾಲ್ ತಿಂದೆ, ಕಡಿಮೆಯಾಗಲಿಲ್ಲ’ ಎನ್ನುವುದಕ್ಕಿಂತ ಅದರಿಂದ ಡಾಕ್ಟರಿಗೆ ಹೆಚ್ಚು ತಿಳಿಯುತ್ತದೆ.